ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಇದ್ದಂತಲ್ಲ

ಜೂನ್ ತಿಂಗಳ ಒಂದು ಶನಿವಾರ ರಾತ್ರಿ ಅಂಧೇರಿಯ ಕಚೇರಿಯೊಂದರಿಂದ ನನಗೆ ಫೋನ್ ಬಂದಾಗ, ಅಲ್ಲಿನ ಲೆಕ್ಕಪತ್ರ ವಿಭಾಗದ ಶೇರ್ಡ್ ಡ್ರೈವ್ ಕಾಣೆಯಾಗಿ ಆಗಲೇ ನಾಲ್ಕು ಗಂಟೆ ಕಳೆದಿತ್ತು. ಬ್ಯಾಕಪ್ ಇದೆಯೇ ಎಂದು ಕೇಳಿದೆ. "ಸ್ನ್ಯಾಪ್‌ಶಾಟ್ ಇದೆ ಸರ್" ಎಂದ ಸರ್ವರ್ ನೋಡಿಕೊಳ್ಳುವ ಹುಡುಗ. ಸ್ನ್ಯಾಪ್‌ಶಾಟ್ ಎಂದರೆ ಬೇಕಾದರೆ ಮರಳಿ ಹೋಗಲೆಂದು ಮಷೀನಿನ ಒಂದು ಕ್ಷಣದ ಸ್ಥಿತಿಯನ್ನು ಗುರುತಿಸಿಡುವುದು. ಮುಂಬೈ, ಠಾಣೆ, ಪುಣೆಗಳಲ್ಲಿ ಹದಿನೈದು ವರ್ಷಗಳಿಂದ ಇದೇ ಉತ್ತರವನ್ನು ಕೇಳುತ್ತಿದ್ದೇನೆ. ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ.

ಎಲ್ಲವೂ ಸುರಕ್ಷಿತವೆಂಬ ಈ ನಂಬಿಕೆ ಎಲ್ಲಿಂದ ಬರುತ್ತದೆಂಬುದು ನನಗೆ ಅರ್ಥವಾಗುತ್ತದೆ. ಒಂದು ಚಾಸಿಯಲ್ಲಿ, ಅಂದರೆ ಸರ್ವರ್‌ಗಳನ್ನು ಜೋಡಿಸುವ ಪೆಟ್ಟಿಗೆಯಲ್ಲಿ, ಬ್ಲೇಡ್ ಎಂಬ ತೆಳು ಸರ್ವರ್‌ಗಳು ಹಲವಿರುತ್ತವೆ. ಒಂದು ಕೆಟ್ಟರೆ ಅದರ ಮೇಲಿದ್ದ ವರ್ಚುವಲ್ ಮಷೀನ್‌ಗಳು (ತಂತ್ರಾಂಶದಿಂದಲೇ ರೂಪಿಸಿದ ಕಂಪ್ಯೂಟರ್‌ಗಳು) ಕೆಲವೇ ನಿಮಿಷಗಳಲ್ಲಿ ಇನ್ನೊಂದರ ಮೇಲೆ ಎದ್ದು ನಿಲ್ಲುತ್ತವೆ. ಆದರೆ ಅದು ಸಾಧ್ಯವಾಗುವುದೇ ಎಲ್ಲ ಬ್ಲೇಡ್‌ಗಳೂ ಒಂದೇ ಸ್ಟೋರೇಜನ್ನು ಬಳಸುವುದರಿಂದ. ಅಲ್ಲಿ ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ಬಳಸುವ ರೇಡ್ ವ್ಯವಸ್ಥೆ ಡಿಸ್ಕ್ ಕೆಟ್ಟರೆ ಕಾಪಾಡುತ್ತದೆ, ಅಳಿಸಿದ ಫೈಲನ್ನಲ್ಲ.

ಸ್ನ್ಯಾಪ್‌ಶಾಟ್ ವಿಷಯವನ್ನು ಮಾತ್ರ ನಿಧಾನವಾಗಿ ಹೇಳಬೇಕು. ವರ್ಚುವಲ್ ಮಷೀನ್‌ಗಳನ್ನು ನಡೆಸುವ ವಿಎಂವೇರ್ ತಂತ್ರಾಂಶದಲ್ಲಿ ಸ್ನ್ಯಾಪ್‌ಶಾಟ್ ತೆಗೆದಾಗ ಡಿಸ್ಕಿನ ಪ್ರತಿ ತಯಾರಾಗುವುದಿಲ್ಲ. ಮೂಲ ಡಿಸ್ಕ್ ಫೈಲಿಗೆ ಬರೆಯುವುದು ಅಲ್ಲಿಗೆ ನಿಂತು, ಮುಂದಿನ ಬದಲಾವಣೆಗಳೆಲ್ಲ ಡೆಲ್ಟಾ ಎಂಬ ಬೇರೆ ಫೈಲಿಗೆ ಹೋಗುತ್ತವೆ. ಹಳೆಯ ಖಾತೆ ಪುಸ್ತಕವನ್ನು ಮುಚ್ಚಿಟ್ಟು, ತಿದ್ದುಪಡಿಗಳನ್ನಷ್ಟೇ ಬಿಡಿ ಹಾಳೆಗಳಲ್ಲಿ ಬರೆದಂತೆ ಇದು: ಪುಸ್ತಕ ಕಳೆದುಹೋದರೆ ಹಾಳೆಗಳಿಂದ ಲೆಕ್ಕ ಸಿಗುವುದಿಲ್ಲ. ಪುಸ್ತಕ, ಹಾಳೆ ಎರಡೂ ಸಾಮಾನ್ಯವಾಗಿ ಒಂದೇ ಡೇಟಾಸ್ಟೋರಿನಲ್ಲಿ, ಅಂದರೆ ಮಷೀನ್‌ಗಳ ಫೈಲುಗಳಿರುವ ಸ್ಟೋರೇಜ್ ಜಾಗದಲ್ಲಿ, ಇರುತ್ತವೆ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ವಿಎಂವೇರ್ ಸಂಸ್ಥೆಯೇ ಸಲಹೆ ನೀಡಿದೆ.

ಹಾಗಿದ್ದೂ ಅವು ತಿಂಗಳುಗಟ್ಟಲೆ ಉಳಿಯುವುದಕ್ಕೆ 'ಡಿಲೀಟ್' ಎಂಬ ಪದದ ಭಯವೇ ಕಾರಣವೆಂದು ನನ್ನ ಅನುಭವ. ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿದರೆ ಇಂದಿನ ಡೇಟಾ ಹೋಗುವುದಿಲ್ಲ. ಡೆಲ್ಟಾದಲ್ಲಿರುವ ಬದಲಾವಣೆಗಳು ಮೂಲ ಡಿಸ್ಕಿಗೆ ಸೇರುತ್ತವೆ, ಹಳೆಯ ಸ್ಥಿತಿಗೆ ಮರಳುವ ದಾರಿಯಷ್ಟೇ ಮುಚ್ಚುತ್ತದೆ. ತಡಮಾಡಿದಷ್ಟೂ ಈ ಸೇರ್ಪಡೆಗೆ ಹೆಚ್ಚು ಹೊತ್ತು ಹಿಡಿಯುವುದರಿಂದ, ದೊಡ್ಡ ಡೆಲ್ಟಾ ಇರುವವರು ಕೆಲಸದ ವೇಳೆಯಲ್ಲಿ ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಅಂಧೇರಿಯಲ್ಲಿ ನವೆಂಬರ್‌ನಲ್ಲಿ ವಿಂಡೋಸ್ ಅಪ್‌ಡೇಟಿಗೆ ಮೊದಲು ತೆಗೆದ ಸ್ನ್ಯಾಪ್‌ಶಾಟ್ ಹಾಗೆಯೇ ಉಳಿದಿತ್ತು. ಡೆಲ್ಟಾ ಬೆಳೆದು ಡೇಟಾಸ್ಟೋರ್ ತುಂಬಿತು, ಮಷೀನ್ ನಿಂತಿತು. ಹುಡುಗ ಅದನ್ನು ಆಫ್ ಮಾಡಿ, ಜಾಗ ಮಾಡಿಕೊಳ್ಳಲು ಫೈಲುಗಳ ಪಟ್ಟಿ ತೆರೆದ. ಅತಿ ದೊಡ್ಡ ಫೈಲಿನ ಮುಂದೆ ನವೆಂಬರ್ ದಿನಾಂಕವಿತ್ತು. ಏಳು ತಿಂಗಳಿಂದ ಯಾರೂ ಮುಟ್ಟದ ಹಳೆಯ ಫೈಲೆಂದು ತಿಳಿದು ಅದನ್ನು ಅಳಿಸಿದ. ಅದೇ ಮೂಲ ಡಿಸ್ಕ್ ಆಗಿತ್ತು; ಸ್ನ್ಯಾಪ್‌ಶಾಟ್ ತೆಗೆದಂದಿನಿಂದ ಅದಕ್ಕೆ ಬರೆಯುವುದು ನಿಂತಿದ್ದರಿಂದ ದಿನಾಂಕ ಹಳೆಯದಾಗಿಯೇ ಉಳಿದಿತ್ತು. ಡೇಟಾಸ್ಟೋರಿನಲ್ಲಿ ರೀಸೈಕಲ್ ಬಿನ್ ಇರುವುದಿಲ್ಲ. ಅವನನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಆ ದಿನಾಂಕದ ಅರ್ಥವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ಯಾಕಪ್ ಸರ್ವರ್ ಎಂದು ಒಂದಿತ್ತು, ನಿಜ. ಅದೂ ಅದೇ ಚಾಸಿಯೊಳಗಿನ ವರ್ಚುವಲ್ ಮಷೀನ್. ಅದರ ಡಿಸ್ಕೂ ಅದೇ ತುಂಬಿದ ಡೇಟಾಸ್ಟೋರಿನಲ್ಲಿತ್ತು, ಹಲವು ತಿಂಗಳಿಂದ ಅದರ ಕೆಲಸ ವಿಫಲವಾಗುತ್ತಿತ್ತು.

ಕಾರ್ಕಳದ ಕಡೆಯ ಅಕೌಂಟೆಂಟ್ ಅಕ್ಕ ಒಬ್ಬರು ಆಡಿಟ್‌ಗೆಂದು ಮಾರ್ಚ್ ಕೊನೆಗೆ ಯುಎಸ್‌ಬಿ ಡಿಸ್ಕಿನಲ್ಲಿ ನಕಲಿಸಿ ಡ್ರಾಯರಿನಲ್ಲಿಟ್ಟ ಪ್ರತಿಯೇ ಆ ಕಚೇರಿಯನ್ನು ಉಳಿಸಿತು. ಉಳಿದ ಸುಮಾರು ಮೂರು ತಿಂಗಳ ವೋಚರುಗಳನ್ನು ನಾಲ್ವರು ಕುಳಿತು ಮತ್ತೆ ಎಂಟ್ರಿ ಮಾಡಿದರು.

ಆದ್ದರಿಂದ ಒಂದು ಪ್ರತಿಯಾದರೂ ಬೇರೆ ಸ್ಟೋರೇಜಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮುಂಬೈಯಂಥ ಊರಿನಲ್ಲಿ ಸರ್ವರನ್ನೂ ಬ್ಯಾಕಪ್ ಟೇಪನ್ನೂ ಒಂದೇ ನೆಲಮಾಳಿಗೆಯಲ್ಲಿ ಇಡಬಾರದು. ಕಂಪನಿಗಳ ಲೆಕ್ಕ ಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಆಗಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ. ನಿಮಗೆ ಅದು ಹೇಗೆ ಅನ್ವಯಿಸುತ್ತದೆಂದು ನಿಮ್ಮ ಆಡಿಟರನ್ನು ಕೇಳಿಕೊಳ್ಳಿ. ವೇಳೆಯನ್ನೂ ಲೆಕ್ಕಹಾಕಿ: 1 ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗಿದರೆ, 4 ಟೆರಾಬೈಟ್ ಮರಳಿ ತರಲು ಹತ್ತು ಗಂಟೆ ಬೇಕು. ಶೇರ್ಡ್ ಡ್ರೈವಿನ ಡಿಸ್ಕನ್ನು 'ಇಂಡಿಪೆಂಡೆಂಟ್' (ಸ್ನ್ಯಾಪ್‌ಶಾಟಿಗೆ ಸೇರದ ಡಿಸ್ಕ್) ಎಂದು ಗುರುತಿಸಿದ್ದರೆ ಸ್ನ್ಯಾಪ್‌ಶಾಟ್ ಆಧಾರಿತ ಬ್ಯಾಕಪ್ ಅದನ್ನು ಬಿಟ್ಟುಬಿಡುತ್ತದೆ. ಇದನ್ನು ಇಂದೇ ನೋಡಿಕೊಳ್ಳಿ.

ಅಂಧೇರಿಯಲ್ಲಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಆ ಹುಡುಗ ಬ್ಯಾಕಪ್ಪಿನಿಂದ ಒಂದು ತಿಂಗಳ ಲೆಕ್ಕವನ್ನು ಬೇರೆ ಮಷೀನಿಗೆ ಇಳಿಸುತ್ತಾನೆ. ಅದನ್ನು ತೆರೆದು ನೋಡುವವರು ಅಕ್ಕನೇ. ಕೊನೆಯ ಬಾಕಿಯನ್ನು ತಮ್ಮ ಕಾಗದದ ಪಟ್ಟಿಯೊಂದಿಗೆ ತಾಳೆ ನೋಡಿದ ಮೇಲೆ ನನಗೆ ಫೋನ್ ಮಾಡಿ, "ಸರಿ ಉಂಟು ಮಾರಾಯ್ರೇ" ಎನ್ನುತ್ತಾರೆ.