ಗಂಧಕದ ಬ್ಯಾಟರಿ: ಮೊದಲು ಎಲೆಕ್ಟ್ರೋಲೈಟಿನ ಲೆಕ್ಕ ಕೇಳಿ

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಬ್ಯಾಟರಿಯ ಮಾತೆತ್ತಿದರೆ ಪಾವಗಡ ಬಂದೇ ಬರುತ್ತದೆ. ಅಲ್ಲಿನ 2050 ಮೆಗಾವಾಟ್ ಸೋಲಾರ್ ಪಾರ್ಕಿನ ಕರೆಂಟನ್ನು ರಾತ್ರಿಗೆ ಉಳಿಸಿಡಲು ಲಿಥಿಯಂ-ಗಂಧಕದ ಬ್ಯಾಟರಿ ಆಗದೇ ಸರ್, ಎನ್ನುತ್ತಾರೆ. ಗಂಧಕ ಅಗ್ಗ, ತೈಲ ಸಂಸ್ಕರಣಾಗಾರಗಳಲ್ಲಿ ರಾಶಿ ಬೀಳುವ ವಸ್ತು. ಕೋಬಾಲ್ಟ್, ನಿಕಲ್ ಬೇಕಿಲ್ಲ. ಒಂದು ಗ್ರಾಂ ಗಂಧಕ ಲೆಕ್ಕದ ಪ್ರಕಾರ ಸುಮಾರು 1675 ಮಿಲಿಆಂಪಿಯರ್-ಅವರ್ ಕೊಡಬೇಕು. ಈಗ ಬಳಕೆಯಲ್ಲಿರುವ ಬ್ಯಾಟರಿಗಳ ಲಿಥಿಯಂ ಐರನ್ ಫಾಸ್ಫೇಟ್ ಕೊಡುವುದು 170. ಗಂಧಕದ ಸೆಲ್ಲಿನ ವೋಲ್ಟೇಜು ಮಾತ್ರ ಕಡಿಮೆ, 2.1 ವೋಲ್ಟಿನ ಆಸುಪಾಸು.

ತೊಡಕಿರುವುದು ಸೆಲ್ಲಿನೊಳಗೆ. ಗಂಧಕದ ಅಣು ಎಂಟು ಪರಮಾಣುಗಳ ಉಂಗುರ. ಡಿಸ್ಚಾರ್ಜ್ ಆಗುವಾಗ ಲಿಥಿಯಂ ಆ ಉಂಗುರ ಬಿಡಿಸಿ, ಸರಪಳಿಯನ್ನು ತುಂಡರಿಸುತ್ತ ಹೋಗಿ, ಕೊನೆಗೆ ಲಿಥಿಯಂ ಸಲ್ಫೈಡ್ ಆಗುತ್ತದೆ. ನಡುವೆ ಹುಟ್ಟುವ ಉದ್ದದ ಪಾಲಿಸಲ್ಫೈಡ್‌ಗಳು, ಅಂದರೆ ಲಿಥಿಯಂ ಸೇರಿದ ಗಂಧಕದ ಸರಪಳಿಗಳು, ಎಲೆಕ್ಟ್ರೋಲೈಟಿನಲ್ಲಿ, ಅಂದರೆ ಎರಡು ವಿದ್ಯುದ್ವಾರಗಳ ನಡುವೆ ಲಿಥಿಯಂ ಅಯಾನುಗಳನ್ನು ಸಾಗಿಸುವ ದ್ರವದಲ್ಲಿ, ಕರಗುತ್ತವೆ. ಗಾಜಿನ ಸೆಲ್ಲಿನಲ್ಲಿ ತಿಳಿ ದ್ರವ ಹಳದಿಯಾಗಿ ಕೆಂಗಂದಿಗೆ ತಿರುಗುವುದು ಬರಿಗಣ್ಣಿಗೇ ಕಾಣುತ್ತದೆ. ಕರಗಿದ್ದು ಎದುರು ವಿದ್ಯುದ್ವಾರವಾದ ಲಿಥಿಯಂ ಲೋಹದ ಬಳಿ ಹೋಗಿ, ಅಲ್ಲಿ ಇನ್ನಷ್ಟು ತುಂಡಾಗಿ, ಮಗ್ಗದ ಲಾಳಿಯಂತೆ ಮರಳಿ ಬರುತ್ತದೆ. ಚಾರ್ಜರ್ ಕರೆಂಟು ಕೊಡುತ್ತಲೇ ಇದ್ದರೂ ಬ್ಯಾಟರಿ ತುಂಬುವುದಿಲ್ಲ. ಸಾಲದ್ದಕ್ಕೆ ಗಂಧಕದಲ್ಲಿ ವಿದ್ಯುತ್ ಹರಿಯದು, ಲಿಥಿಯಂ ಸೇರಿದಾಗ ಗಾತ್ರ ಶೇ. 80ರಷ್ಟು ಹಿಗ್ಗುತ್ತದೆ.

2009ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಂಡಾ ನಜರ್ ತಂಡ ವಿದ್ಯುತ್ ಹರಿಯಲೆಂದು, ಪಾಲಿಸಲ್ಫೈಡ್ ಹೊರಬೀಳದಿರಲೆಂದು ಇಂಗಾಲದ ನ್ಯಾನೊ ರಂಧ್ರಗಳೊಳಗೆ ಗಂಧಕವನ್ನು ಕರಗಿಸಿ ತುಂಬಿತು. ಅಲ್ಲಿಂದ ಈ ಸಂಶೋಧನೆಗೆ ಹೊಸ ಜೀವ ಬಂತು. ಎಲೆಕ್ಟ್ರೋಲೈಟಿಗೆ ಲಿಥಿಯಂ ನೈಟ್ರೇಟ್ ಬೆರೆಸಿದರೆ ಲಿಥಿಯಂ ಲೋಹದ ಮೇಲೆ ರಕ್ಷಣಾ ಪದರ ಕೂರುತ್ತದೆ. ಆ ನೈಟ್ರೇಟೂ ಸೈಕಲ್ (ಒಂದು ಚಾರ್ಜ್, ಒಂದು ಡಿಸ್ಚಾರ್ಜ್) ಕಳೆದಂತೆ ಖರ್ಚಾಗುತ್ತದೆ.

ಇಷ್ಟೆಲ್ಲ ಓದಿದವರಿಗೂ ತಪ್ಪಿಹೋಗುವ ಅಂಕಿಯೊಂದಿದೆ. ಮಿಲಿಗ್ರಾಂ ಗಂಧಕಕ್ಕೆ 20 ಮೈಕ್ರೋಲೀಟರ್ ಎಲೆಕ್ಟ್ರೋಲೈಟ್ ಸುರಿದರೆ ಪುಟ್ಟ ಕಾಯಿನ್ ಸೆಲ್ ಸೊಗಸಾಗಿ ಓಡುತ್ತದೆ. ಆದರೆ ಆ ದ್ರವದ ತೂಕದಲ್ಲಿ ಗಂಧಕದ ಲಾಭವೆಲ್ಲ ಮುಳುಗಿಹೋಗುತ್ತದೆ. ಮೂರು, ನಾಲ್ಕಕ್ಕೆ ಇಳಿಸಿಯೂ ಸೆಲ್ ಬಾಳಿದರೆ ಮಾತ್ರ ನಾನು ಆ ಫಲಿತಾಂಶವನ್ನು ಬ್ಯಾಟರಿ ಎಂದು ಒಪ್ಪುತ್ತೇನೆ. ಸಂಶೋಧನಾ ಪ್ರಬಂಧ ಕೈಗೆ ಬಂದಾಗ ಮೊದಲು ಇದನ್ನೇ ಹುಡುಕಿ.

ಹಾಗಾಗಿ ಪಾವಗಡಕ್ಕೆ ನನ್ನ ಉತ್ತರ: ಸದ್ಯಕ್ಕೆ ಬೇಡ. ನೆಲದ ಮೇಲೆ ಕೂರುವ ಬ್ಯಾಟರಿಗೆ ತೂಕ ದೊಡ್ಡ ವಿಷಯವಲ್ಲ, ಸಾವಿರಾರು ಸೈಕಲ್ ಬಾಳಬೇಕು. ಅಲ್ಲಿ ಐರನ್ ಫಾಸ್ಫೇಟೇ ಸರಿ. ಗಂಧಕ ಗೆಲ್ಲುವುದು ಪ್ರತಿ ಗ್ರಾಮೂ ಭಾರವಾಗುವ ಕಡೆ. 2010ರಲ್ಲಿ ಝೆಫಿರ್ ಎಂಬ ಮಾನವರಹಿತ ಸೌರ ವಿಮಾನ 14 ದಿನ ಕೆಳಗಿಳಿಯದೆ ಹಾರಿತು. ರಾತ್ರಿ ಅದನ್ನು ಹಾರಿಸಿದ್ದು ಲಿಥಿಯಂ-ಗಂಧಕದ ಸೆಲ್ಲುಗಳು. ಡ್ರೋನ್ ಕಟ್ಟುತ್ತಿರುವ ನಮ್ಮ ಹುಡುಗ ಹುಡುಗಿಯರು ಇದನ್ನು ಕೈಗೆತ್ತಿಕೊಳ್ಳಲಿ. ಗಂಧಕ-ಇಂಗಾಲದ ಲೇಪನವನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದು; ಲಿಥಿಯಂ ಮುಟ್ಟುವ ಕೆಲಸ ಮಾತ್ರ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನೊಳಗೇ (ಕೈಗವಸು ಜೋಡಿಸಿದ, ಗಾಳಿಯಾಡದ ಪೆಟ್ಟಿಗೆ) ಆಗಬೇಕು.