ಡಬ್ಬಿಯ ಮೇಲೆ 165, ಪರದೆಯ ಮೇಲೆ 60

ಸೇಡಂ ಕಡೆಯ ಒಬ್ಬ ಹುಡುಗ ಅಪ್ಪನ ಜೊತೆ ಅಂಗಡಿಗೆ ಬಂದಿದ್ದ. ಅವನ ಕೈಯಲ್ಲಿ ಸಿಪಿಯು, ಅಪ್ಪನ ತೋಳಲ್ಲಿ ಚಾದರ ಸುತ್ತಿದ 24 ಇಂಚಿನ ಮಾನಿಟರ್. ಕೊಂಡು ಮೂರು ತಿಂಗಳಾಗಿತ್ತು. “ಅಣ್ಣಾ, 165 ಹರ್ಟ್ಜ್ ಅಂತ ತೊಗೊಂಡೀನ್ರಿ. ಹಳೇದಕ್ಕೂ ಇದಕ್ಕೂ ಏನೂ ಫರಕ್ ಕಾಣವಲ್ದು” ಎಂದ. ಅಪ್ಪ ಏನೂ ಮಾತಾಡಲಿಲ್ಲ. ದುಡ್ಡು ಕೊಟ್ಟವರು ಅವರು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬೆಂಚಿನ ಮೇಲಿಟ್ಟು ಆನ್ ಮಾಡಿದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ) ಎಂಬಲ್ಲಿ 60 ಎಂದಿತ್ತು. ಪಟ್ಟಿ ಬಿಚ್ಚಿದರೆ 120ರ ಮೇಲೆ ಏನೂ ಇಲ್ಲ. ಹಿಂದೆ ತಿರುಗಿಸಿ ನೋಡಿದೆ. ಕೇಬಲ್ ಹೋಗಿದ್ದು ಮದರ್‌ಬೋರ್ಡ್‌ನ ಎಚ್‌ಡಿಎಂಐ ಕಿಂಡಿಗೆ. ಅದರ ಕೆಳಗೆ ಆಟದ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್ ಮೂರು ತಿಂಗಳಿಂದ ಸುಮ್ನೆ ಕೂತಿತ್ತು. ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆದು ಕಾರ್ಡ್‌ಗೆ ಸಿಕ್ಕಿಸಿ, ಪಟ್ಟಿಯಲ್ಲಿ 165 ಆರಿಸಿ, “ಈಗ ಮೌಸ್ ಆಡ್ಸು” ಎಂದೆ. ಒಂದು ಫೋಲ್ಡರ್ ಹಿಡಿದು ಆ ಕಡೆ ಈ ಕಡೆ ಎಳೆದ. ಓಡುವಾಗಲೂ ಫೋಲ್ಡರಿನೊಳಗಿನ ಹೆಸರುಗಳು ಓದುವ ಹಾಗಿದ್ದವು. “ಯಣ್ಣಾ, ಇದು ಬ್ಯಾರೇನೇ ಅದ!”

ಆಗ ಅಪ್ಪ ಬಾಯಿ ಬಿಟ್ಟರು. ಅವರು ಕಲಬುರಗಿಯ ಒಂದು ಬೇಳೆ ಗಿರಣಿಯಲ್ಲಿ ಕೆಲಸ ಮಾಡುವವರು. “ಗಿರಣ್ಯಾಗೂ ಹಂಗೇ ರೀ. ಮಷೀನ್ ಎಷ್ಟ್ ದೊಡ್ಡದಿದ್ರ ಏನು, ಜರಡಿ ಸಣ್ಣದಿದ್ರ ಬ್ಯಾಳಿ ಅಷ್ಟೇ ಬೀಳತದ.”

ಹನ್ನೆರಡು ವರ್ಷದಿಂದ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದೇನೆ. ಗೇಮಿಂಗ್ ಮಾನಿಟರ್ ಬಗ್ಗೆ ಇಷ್ಟು ಸರಿಯಾದ ಮಾತು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಕಂಪ್ಯೂಟರ್‌ನಿಂದ ಕಣ್ಣಿನವರೆಗೆ ಸಾಲಾಗಿ ಜರಡಿಗಳಿವೆ. ಎಲ್ಲಕ್ಕಿಂತ ಸಣ್ಣದು ಯಾವುದೋ, ನಿಮಗೆ ಸಿಗುವುದು ಅಷ್ಟೇ. ಡಬ್ಬಿಯ ಮೇಲಿನ ನಂಬರ್ ಒಂದೇ ಒಂದು ಜರಡಿಯದ್ದು.

ಮೊದಲು ಆ ನಂಬರನ್ನೇ ನೋಡೋಣ. 60 ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144ರಲ್ಲಿ ಅದು 6.9 ಮಿಲಿಸೆಕೆಂಡ್. 180ರಲ್ಲಿ 5.6. 240ರಲ್ಲಿ 4.2. ಈಗ ಕಳೆದು ನೋಡಿ. 60ರಿಂದ 144ಕ್ಕೆ ಹೋದರೆ ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಉಳಿಯುತ್ತದೆ. 144ರಿಂದ 180ಕ್ಕೆ ಹೋದರೆ ಉಳಿಯುವುದು ಒಂದೂವರೆ ಮಿಲಿಸೆಕೆಂಡ್‌ಗಿಂತ ಕಡಿಮೆ. 180ರಿಂದ 240ಕ್ಕೂ ಅಷ್ಟೇ. ಮೊದಲ ಜಿಗಿತವನ್ನು ಆಟವೇ ಆಡದ ನನ್ನ ತಂಗಿಯೂ ಗುರುತಿಸಿದಳು. ಆಮೇಲಿನ ಜಿಗಿತಗಳು ದಿನಾ ಗಂಟೆಗಟ್ಟಲೆ ಆಡುವವರಿಗೆ ಮಾತ್ರ ತಿಳಿಯುತ್ತವೆ. ಹಾಗಾಗಿ 144 ದಾಟಿದ ಮೇಲೆ ಬರೀ ನಂಬರಿಗೆ ಜಾಸ್ತಿ ದುಡ್ಡು ಕೊಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದೇ ಬೆಲೆಗೆ 180 ಸಿಕ್ಕರೆ ತೆಗೆದುಕೊಳ್ಳಿ. ಎರಡು ಮೂರು ಸಾವಿರ ಮೇಲೆ ಕೇಳಿದರೆ ಆ ದುಡ್ಡು ಒಳ್ಳೆಯ ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡುವ ಪರದೆಯ ಹಾಳೆಗೆ, ಹೋಗಲಿ.

ಮೊದಲ ಜರಡಿ ನಿಮ್ಮ ಕಂಪ್ಯೂಟರ್. ಸೆಕೆಂಡಿಗೆ ಅದು 70 ಫ್ರೇಮ್ (ಚಿತ್ರ) ತಯಾರಿಸಿದರೆ 180 ಹರ್ಟ್ಜ್ ಪರದೆಗೂ ಬರುವುದು ಅದೇ 70. ವಲೊರಂಟ್ ಥರದ ಆಟಗಳು ಹಗುರ, ಸಾಧಾರಣ ಕಾರ್ಡ್‌ನಲ್ಲೂ 100 ದಾಟುತ್ತವೆ. ಸೈಬರ್‌ಪಂಕ್ 2077 ಥರದ್ದು ಅದೇ ಕಾರ್ಡ್‌ನಲ್ಲಿ 60 ಮುಟ್ಟಲೂ ಒದ್ದಾಡಬಹುದು. ಮಾನಿಟರ್ ಕೇಳಲು ಬಂದವರಿಗೆ ನಾನು ಮೊದಲು ಹೇಳುವ ಕೆಲಸ ಇಷ್ಟೇ: ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವುದು) ತೆಗೆಯಿರಿ, ಫ್ರೇಮ್ ಮಿತಿ ಇದ್ದರೆ ಅದನ್ನೂ ತೆಗೆಯಿರಿ, ಸೆಕೆಂಡಿನ ಫ್ರೇಮ್ ಎಣಿಸುವ ಎಫ್‌ಪಿಎಸ್ ಕೌಂಟರ್ ಆನ್ ಮಾಡಿ ಒಂದು ವಾರ ಆಡಿ. ನೀವು ನಿಜವಾಗಿ ಆಡುವ ಆಟದಲ್ಲಿ, ಗದ್ದಲ ಜೋರಾಗಿರುವಾಗ ಎಷ್ಟು ಬರುತ್ತದೆ ಬರೆದುಕೊಂಡು ಬನ್ನಿ. 60 ಹರ್ಟ್ಜ್ ಪರದೆಯಲ್ಲೂ ಈ ಲೆಕ್ಕ ಸಿಗುತ್ತದೆ. ಆ ಸಂಖ್ಯೆ 50, 60ರಲ್ಲೇ ಇದ್ದರೆ ಮಾನಿಟರ್‌ಗಿಂತ ಮೊದಲು ಕಾರ್ಡ್ ನೋಡಬೇಕು. ಒಂದು ಮಾನಿಟರ್ ಮಾರಾಟ ಕೈತಪ್ಪಿದರೂ ಇದನ್ನು ಹೇಳಲೇಬೇಕು.

ಎರಡನೇ ಜರಡಿ ಕೇಬಲ್ ಮತ್ತು ಕಿಂಡಿ. ಎಚ್‌ಡಿಎಂಐ 1.4 ಇದ್ದರೆ ಫುಲ್ ಎಚ್‌ಡಿಯಲ್ಲಿ (1920 x 1080 ಚುಕ್ಕೆ) 120ಕ್ಕೆ ನಿಲ್ಲುತ್ತದೆ. 2.0 ಇದ್ದರೆ 240ರವರೆಗೆ ಹೋಗಬಹುದು. ಆದರೆ ಕಡಿಮೆ ಬೆಲೆಯ ಎಷ್ಟೋ ಮಾನಿಟರ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯನ್ನು 144ಕ್ಕೇ ನಿಲ್ಲಿಸಿ, ಪೂರ್ತಿ ವೇಗವನ್ನು ಡಿಸ್‌ಪ್ಲೇಪೋರ್ಟ್‌ಗೆ ಮಾತ್ರ ಕೊಟ್ಟಿರುತ್ತಾರೆ. ವಿವರದ ಹಾಳೆಯ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ, ಓದಿ. ಕೆಲವು ಡಬ್ಬಿಯಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇರುವುದೇ ಇಲ್ಲ. ಅಂಗಡಿಯಲ್ಲೇ ಬಿಚ್ಚಿಸಿ ನೋಡಿ, ಇಲ್ಲದಿದ್ದರೆ ಜೊತೆಗೆ ಒಂದು ತೆಗೆದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ಗೆ ಜೋಡಿಸುವವರು ಅದರ ಎಚ್‌ಡಿಎಂಐ ಯಾವ ನಂಬರಿನದು ಎಂದು ಮೊದಲೇ ಕೇಳಿಕೊಳ್ಳಬೇಕು. ಅಲ್ಲಿ 1.4 ಇದ್ದರೆ 180ಕ್ಕೆ ಕೊಟ್ಟ ದುಡ್ಡು ವ್ಯರ್ಥ.

ಮೂರನೇ ಜರಡಿ ಪ್ಯಾನೆಲ್. ನಾನು ಜಾಸ್ತಿ ಮಾತಾಡಬೇಕಾದದ್ದು ಅದರ ಬಗ್ಗೆ. ಡಬ್ಬಿಯ ಮೇಲೆ ಎಲ್ಲಕ್ಕಿಂತ ಕಡಿಮೆ ನಿಜ ಹೇಳುವುದು ಅಲ್ಲೇ.

180 ಹರ್ಟ್ಜ್‌ನಲ್ಲಿ ಒಂದು ಚಿತ್ರಕ್ಕೆ ಸಿಗುವುದು 5.6 ಮಿಲಿಸೆಕೆಂಡ್ ಎಂದೆ, ಅಲ್ವಾ? ಅಷ್ಟರೊಳಗೆ ಪರದೆಯ ಚುಕ್ಕೆಗಳು ಹಳೆ ಬಣ್ಣ ಬಿಟ್ಟು ಹೊಸ ಬಣ್ಣಕ್ಕೆ ಬರಬೇಕು. ಅವಕ್ಕೆ 12 ಮಿಲಿಸೆಕೆಂಡ್ ಹಿಡಿದರೆ ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ಬಂದು ಕೂರುತ್ತದೆ. ಎರಡೂ ಕಲಸಿಕೊಳ್ಳುತ್ತವೆ. ಈ ಮಾನಿಟರ್‌ಗಳ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್, ಟಿಎನ್ ಎಂಬ ಬಗೆಗಳಿವೆ. ಕಡಿಮೆ ಬೆಲೆಯ ವಿಎ ಪ್ಯಾನೆಲ್‌ಗಳಲ್ಲಿ ಇದು ಕತ್ತಲ ದೃಶ್ಯದಲ್ಲಿ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಅಂಥದ್ದೊಂದು ಬಾಗಿದ ಮಾನಿಟರ್ ತೋರಿಸಲೆಂದೇ ಇಟ್ಟಿದ್ದೇನೆ. ಆಟದಲ್ಲಿ ಗುಹೆಯಂಥ ಜಾಗಕ್ಕೆ ಹೋಗಿ ನಿಂತು, ಮೌಸ್ ಪಕ್ಕಕ್ಕೆ ಎಳೆಯಿರಿ ಎನ್ನುತ್ತೇನೆ. ಕಂಬಗಳ ಹಿಂದೆ ಕಪ್ಪು ಬಾಲ ಎಳೆದುಕೊಂಡು ಬರುತ್ತದೆ, ಒದ್ದೆ ಮಸಿಯ ಮೇಲೆ ಬೆರಳಾಡಿಸಿದ ಹಾಗೆ. ಒಮ್ಮೆ ನೋಡಿದವರು ಮತ್ತೆ ಆ ಪ್ಯಾನೆಲ್ ಕೇಳುವುದಿಲ್ಲ.

ವಿಎಗೆ ಒಳ್ಳೆಯ ಗುಣವೂ ಇದೆ. ಅದರ ಕಪ್ಪು ಗಾಢ. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಬೆಳಕಿನ ಅಂತರ) 3000:1 ಆಸುಪಾಸು ಇರುತ್ತದೆ, ಐಪಿಎಸ್‌ನಲ್ಲಿ 1000:1 ಆಸುಪಾಸು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ, ನಿಧಾನದ ಕಥೆಯ ಆಟ ಆಡುವವರಿಗೆ ವಿಎ ಚೆನ್ನ. ಗುಂಡು ಹಾರಿಸುವ ಆಟಕ್ಕೆ ಐಪಿಎಸ್ ತೆಗೆದುಕೊಳ್ಳಿ. ಬಣ್ಣ ಚೆನ್ನಾಗಿರುತ್ತದೆ, ಪಕ್ಕದಿಂದ ನೋಡಿದರೂ ಕೆಡುವುದಿಲ್ಲ. ಟಿಎನ್ ಪ್ಯಾನೆಲ್ ವೇಗದ್ದು, ಆದರೆ ಸ್ವಲ್ಪ ಬಗ್ಗಿ ನೋಡಿದರೂ ಬಣ್ಣ ತಿರುಗಿಬಿಡುತ್ತದೆ. ಐಪಿಎಸ್ ಇಷ್ಟು ಅಗ್ಗವಾಗಿರುವಾಗ ಅದನ್ನು ನಾನು ಯಾರಿಗೂ ಕೊಡುವುದಿಲ್ಲ.

“ಆದರೆ ಎಲ್ಲದರ ಮೇಲೂ 1 ಎಂಎಸ್ ಅಂತ ಬರ್ದಿರ್ತಾರಲ್ರಿ?” ಎಂದು ಗಿರಾಕಿಗಳು ಕೇಳುತ್ತಾರೆ. ಹೌದು, ಒಂದು ಮಿಲಿಸೆಕೆಂಡ್ ಎಂದು ಬರೆದಿರುತ್ತಾರೆ. ಎರಡು ಬೇರೆ ಬೇರೆ ಅಳತೆಗಳು ಅಲ್ಲಿ ಒಂದೇ ವೇಷ ಹಾಕಿರುತ್ತವೆ. ಜಿಟಿಜಿ ಎಂದಿದ್ದರೆ ಬಣ್ಣ ಬದಲಾಗಲು ಹಿಡಿಯುವ ಹೊತ್ತು. ಎಂಪಿಆರ್‌ಟಿ ಎಂದಿದ್ದರೆ ಅದಲ್ಲ. ಪರದೆಯ ಹಿಂದಿರುವ ದೀಪವನ್ನು ಪಟಪಟ ಆರಿಸಿ ಹಚ್ಚಿ, ಚಿತ್ರ ಕಣ್ಣಿಗೆ ಕಾಣುವ ಹೊತ್ತನ್ನು ಕಡಿಮೆ ಮಾಡಿ ಪಡೆದ ಸಂಖ್ಯೆ ಅದು. ಆ ಮೋಡ್ ಹಾಕಿದರೆ ಪರದೆ ಮಂಕಾಗುತ್ತದೆ, ಕೆಲವರಿಗೆ ಕಣ್ಣು ನೋಯುತ್ತದೆ. ಇನ್ನು ಜಿಟಿಜಿಯ 1 ಕೂಡ ಸಾಮಾನ್ಯವಾಗಿ, ಚುಕ್ಕೆಗಳನ್ನು ಬೇಗ ಬದಲಾಗುವಂತೆ ತಳ್ಳುವ ಓವರ್‌ಡ್ರೈವ್ ಅನ್ನು ಕೊನೆಯವರೆಗೆ ಏರಿಸಿದಾಗ ಮಾತ್ರ ಸಿಗುವಂಥದ್ದು. ಅಷ್ಟು ಏರಿಸಿದರೆ ಚುಕ್ಕೆ ಬೇಕಾದ ಬಣ್ಣ ದಾಟಿ ಮುಂದೆ ಹೋಗಿ ವಾಪಸ್ ಬರುತ್ತದೆ. ಓಡುವ ಆಕೃತಿಯ ಹಿಂದೆ ಬಿಳಿ ಅಂಚು ಮೂಡುತ್ತದೆ. ಮಾನಿಟರ್‌ನ ಮೆನುವಿನಲ್ಲಿ ಓವರ್‌ಡ್ರೈವ್ ಅಥವಾ ರೆಸ್ಪಾನ್ಸ್ ಟೈಮ್ ಎಂಬ ಹೆಸರಲ್ಲಿ ಅದು ಇರುತ್ತದೆ. ಅದನ್ನು ಮಧ್ಯದಲ್ಲಿಡಿ. ಬ್ರೌಸರ್‌ನಲ್ಲಿ ಟೆಸ್ಟ್‌ಯುಎಫ್‌ಓ ಎಂಬ ವೆಬ್‌ಸೈಟ್ ತೆರೆದರೆ ಹಾರುವ ತಟ್ಟೆಯೊಂದು ಓಡುತ್ತದೆ. ಅದರ ಬಾಲ ನೋಡುತ್ತಾ ಒಂದೊಂದೇ ಹಂತ ಬದಲಿಸಿ. ಯಾವುದು ಚೊಕ್ಕ ಎಂದು ಎರಡು ನಿಮಿಷದಲ್ಲಿ ನಿಮ್ಮ ಕಣ್ಣೇ ಹೇಳುತ್ತದೆ.

ಇದರ ಜೊತೆ ನೋಡಬೇಕಾದ ಇನ್ನೊಂದು ಗುಣ ಅಡಾಪ್ಟಿವ್ ಸಿಂಕ್. ಆಟದ ಫ್ರೇಮ್‌ಗಳು ಒಂದೇ ಸಮ ಬರುವುದಿಲ್ಲ. ಒಮ್ಮೆ 130, ಮರುಕ್ಷಣ 85. ಪರದೆ ತನ್ನದೇ ತಾಳದಲ್ಲಿ ಓಡಿದರೆ ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣುತ್ತದೆ. ಅಡಾಪ್ಟಿವ್ ಸಿಂಕ್ ಇದ್ದರೆ ಕಾರ್ಡ್ ಕೊಟ್ಟಾಗ ಪರದೆ ಬದಲಿಸುತ್ತದೆ. ಕಾರ್ಡ್ ಮಾಡುವ ಎಎಂಡಿ ಕಂಪನಿಯವರು ಇದನ್ನು ಫ್ರೀಸಿಂಕ್ ಎನ್ನುತ್ತಾರೆ. ಎನ್‌ವಿಡಿಯಾ ಕಾರ್ಡ್ ಇರುವವರೂ ಹೆದರಬೇಕಿಲ್ಲ. 2019ರ ಜನವರಿಯಿಂದ ಜಿಟಿಎಕ್ಸ್ 10 ಸಾಲಿನ ಕಾರ್ಡ್‌ಗಳಿಂದ ಹಿಡಿದು ಹೊಸವೆಲ್ಲ ಡಿಸ್‌ಪ್ಲೇಪೋರ್ಟ್ ಮೂಲಕ ಇಂಥ ಮಾನಿಟರ್‌ಗಳ ಜೊತೆ ಕೆಲಸ ಮಾಡುತ್ತವೆ. ಬಜೆಟ್ ಕಂಪ್ಯೂಟರ್ ಇರುವವರಿಗೆ ಇದು 180, 200 ಎಂಬ ನಂಬರಿಗಿಂತ ಹೆಚ್ಚು ಉಪಕಾರಿ. ಅವರ ಫ್ರೇಮ್‌ಗಳೇ ಅಲ್ವಾ ಜಾಸ್ತಿ ಏರಿಳಿಯುವುದು? ಒಂದು ಮಾತು ನೆನಪಿರಲಿ: ಎಷ್ಟೋ ಮಾನಿಟರ್‌ಗಳಲ್ಲಿ ಇದನ್ನು ಮೆನುವಿನಲ್ಲಿ ನಾವೇ ಆನ್ ಮಾಡಬೇಕು.

ಅಳತೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫುಲ್ ಎಚ್‌ಡಿ ಬೇಕಿದ್ದರೆ 24 ಇಂಚು. 27 ಇಂಚಿಗೆ ಅದೇ ಫುಲ್ ಎಚ್‌ಡಿ ಹಿಗ್ಗಿಸಿದರೆ ಇಂಚಿಗೆ 82 ಚುಕ್ಕೆಗಳಷ್ಟೇ ಉಳಿಯುತ್ತವೆ, ಅಕ್ಷರಗಳ ಅಂಚು ಒರಟಾಗುತ್ತದೆ. 27 ಬೇಕೇ ಬೇಕು ಎಂದರೆ 1440ಪಿ (2560 x 1440 ಚುಕ್ಕೆ) ತೆಗೆದುಕೊಳ್ಳಿ. ಆದರೆ ಅದರಲ್ಲಿ ಕಾರ್ಡ್ ಎಳೆಯಬೇಕಾದ ಚುಕ್ಕೆಗಳು ಫುಲ್ ಎಚ್‌ಡಿಗಿಂತ 78 ಶೇಕಡಾ ಜಾಸ್ತಿ. ಮತ್ತೆ ಮೊದಲ ಜರಡಿಗೇ ಬಂದಿರಿ. 10,000 ರೂಪಾಯಿ ಆಸುಪಾಸಿನಲ್ಲಿ ಕೊಳ್ಳುವವರಿಗೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಸರಿಯಾದ ಆಯ್ಕೆ. ಎಚ್‌ಡಿಆರ್, ಒಳಗಿನ ಸ್ಪೀಕರ್, ಹಿಂದಿನ ಬಣ್ಣದ ದೀಪ ಇವುಗಳಿಗೆ ಈ ಬೆಲೆಯಲ್ಲಿ ಒಂದು ರೂಪಾಯಿಯೂ ಮೇಲೆ ಕೊಡಬೇಡಿ. ಎತ್ತರ ಏರಿಸುವ ಸ್ಟ್ಯಾಂಡ್ ಸಿಗುವುದು ಅಪರೂಪ. ನನ್ನ ಬೆಂಚಿನ ಮಾನಿಟರ್ ಕೆಳಗೆ ನಾಲ್ಕು ಬೆರಳು ಎತ್ತರಕ್ಕೆ ಶಹಾಬಾದ್ ಕಲ್ಲಿನ ತುಂಡುಗಳಿವೆ, ಅಲುಗಾಡುವುದಿಲ್ಲ.

ನಮ್ಮ ಊರಿಗೇ ಸೇರಿದ ಕೆಲವು ಮಾತುಗಳಿವೆ. ಬೆಂಗಳೂರಿನಲ್ಲಿ ಕೂತು ಮಾನಿಟರ್ ಪರೀಕ್ಷೆ ಮಾಡುವವರು ಇವನ್ನು ಹೇಳುವುದಿಲ್ಲ. ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ಮುಟ್ಟುತ್ತದೆ. ತಗಡಿನ ಸೂರಿನ ಕೋಣೆ ಇನ್ನೂ ಬಿಸಿ. ಹೆಚ್ಚಿನ ಮಾನಿಟರ್‌ಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗೆ ಬಳಸಿ ಎಂದಿರುತ್ತದೆ. ಮಧ್ಯಾಹ್ನ ಆಡಲೇಬೇಕಿದ್ದರೆ ಬ್ರೈಟ್‌ನೆಸ್ ಇಳಿಸಿ, ಮಾನಿಟರ್ ಬೆನ್ನನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ, ಬೆನ್ನಿನ ತೂತುಗಳ ಧೂಳನ್ನು ಬ್ರಷ್‌ನಿಂದ ತೆಗೆಯುತ್ತಿರಿ. ಬಾಗಿಲ ಕಡೆಗೆ ಪರದೆ ಮುಖ ಮಾಡಿದರೆ ಇಲ್ಲಿಯ ಬಿಸಿಲಿಗೆ 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಸಾಲುವುದಿಲ್ಲ. ಮೇಜನ್ನೇ ತಿರುಗಿಸಿಡಿ.

ಕರೆಂಟ್ ಇನ್ನೊಂದು. ಮಳೆಗಾಲ ಶುರುವಾಗುವ ಮುಂಚೆ ಗುಡುಗು ಸಿಡಿಲು ಬಂದ ಮರುದಿನ ನನ್ನ ಬೆಂಚು ತುಂಬುತ್ತದೆ. ಹೊರಗೆ ಅಡಾಪ್ಟರ್ ಇರುವ ಮಾನಿಟರ್‌ನಲ್ಲಿ ಎಷ್ಟೋ ಸಲ ಅಡಾಪ್ಟರ್ ಮಾತ್ರ ಸುಟ್ಟಿರುತ್ತದೆ, ಬದಲಿಸಿದರೆ ಮುಗಿಯಿತು. ಒಳಗೇ ಪವರ್ ಸಪ್ಲೈ ಇದ್ದರೆ ಮಾನಿಟರ್ ಬಿಚ್ಚಲೇಬೇಕು. ಎರಡು ಮಾದರಿಗಳ ನಡುವೆ ಮನಸ್ಸು ಡೋಲಾಯಮಾನವಾದರೆ ಹೊರ ಅಡಾಪ್ಟರ್ ಇರುವುದನ್ನೇ ಆರಿಸಿ. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ದುಡ್ಡು ಕಟ್ಟುವ ಮೊದಲು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೇ ಬಂದು ರಿಪೇರಿ ಮಾಡುತ್ತಾರಾ ಎಂದು ಕೇಳಿ. ಕಲಬುರಗಿ, ಬೀದರ್, ಯಾದಗಿರಿ, ಮೂರೂ ಕಡೆ ಪಿನ್‌ಕೋಡ್ 585ರಿಂದ ಶುರು. ಆದರೆ ನಗರಕ್ಕೆ ಸಿಗುವ ಸೇವೆ ಚಿಂಚೋಳಿಗೆ, ಶಹಾಪುರಕ್ಕೆ ಸಿಗುತ್ತದೆ ಎಂದೇನಿಲ್ಲ. ವಾರಂಟಿ ಮೂರು ವರ್ಷ ಇದ್ದೂ, ಮಾನಿಟರನ್ನು ನೀವೇ ಹೈದರಾಬಾದ್‌ಗೆ ಹೊತ್ತುಕೊಂಡು ಹೋಗಬೇಕು ಎಂದಾದರೆ ಆ ಮೂರು ವರ್ಷಕ್ಕೆ ಬೆಲೆ ಕಡಿಮೆ. ಕೆಟ್ಟ ಚುಕ್ಕೆ ಎಷ್ಟಿದ್ದರೆ ಬದಲಿಸಿ ಕೊಡುತ್ತಾರೆ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ. ಒಂದು ಎರಡಕ್ಕೆ ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ.

ಡಬ್ಬಿ ಮನೆಗೆ ಬಂದಾಗ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಅವತ್ತೇ ರಾತ್ರಿ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರ ಒಂದೊಂದಾಗಿ ಹಾಕಿ ಕೆಟ್ಟ ಚುಕ್ಕೆ ಇದೆಯಾ ನೋಡಿ. ಕಪ್ಪು ಹಾಕಿದಾಗ ದೀಪ ಆರಿಸಿ ಮೂಲೆಗಳಲ್ಲಿ ಬೆಳಕು ಸೋರುತ್ತಿದೆಯಾ ನೋಡಿ. ಐಪಿಎಸ್‌ನಲ್ಲಿ ಸ್ವಲ್ಪ ಇರುತ್ತದೆ, ಆಟದ ನಡುವೆ ಕಣ್ಣಿಗೆ ಚುಚ್ಚುವಷ್ಟಿದ್ದರೆ ವಾಪಸ್ ಕಳಿಸಿ. ಆಮೇಲೆ ಆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು 60 ತೆಗೆದು ನಿಮ್ಮ ನಂಬರ್ ಹಾಕಿ. ವಿಂಡೋಸ್ ಹೊಸದಾಗಿ ಹಾಕಿಸಿದಾಗ, ಕೇಬಲ್ ಬದಲಿಸಿದಾಗ ಅದು ಮತ್ತೆ 60ಕ್ಕೆ ಇಳಿದಿರಬಹುದು. ಸೇಡಂನ ಆ ಹುಡುಗ ಈಗ ತನ್ನ ಗೆಳೆಯರ ಮನೆಗೆ ಹೋದಾಗಲೆಲ್ಲ ಮೊದಲು ಅದನ್ನೇ ತೆರೆದು ನೋಡುತ್ತಾನಂತೆ. ಇಲ್ಲಿಯವರೆಗೆ ಇಬ್ಬರದ್ದು 60ರಲ್ಲೇ ಇತ್ತು ಎಂದು ಫೋನ್ ಮಾಡಿ ಹೇಳಿದ.