ರಾತ್ರಿ ಎರಡು ಗಂಟೆಗೆ ಕಟ್ಟಡಕ್ಕೆ ಎಷ್ಟು ಕರೆಂಟ್ ಬೇಕು?

ದೊಡ್ಡ ಆಫೀಸ್ ಕಟ್ಟಡವೊಂದು ಎಷ್ಟು ಕರೆಂಟ್ ಬಳಸುತ್ತದೆ ಅಂತ ಕೇಳಿದರೆ ಅಲ್ಲಿನವರು ತಿಂಗಳ ಬಿಲ್ ತೋರಿಸುತ್ತಾರೆ. ಅದರಲ್ಲಿ ಒಟ್ಟು ಯೂನಿಟ್ ಇರುತ್ತದೆ, ಅಷ್ಟೇ. ಯಾವ ಹೊತ್ತಿನಲ್ಲಿ ಎಷ್ಟು ಹೋಯಿತು, ಯಾವ ಮೆಷಿನ್‌ಗೆ ಹೋಯಿತು, ಅದು ನಿಜಕ್ಕೂ ಬೇಕಿತ್ತಾ ಅನ್ನೋದು ತಿಳಿಯುವುದಿಲ್ಲ. ಅದಕ್ಕೆ ಗಂಟೆಗಂಟೆಯ ಲೆಕ್ಕ ಬೇಕು. ಆ ಲೆಕ್ಕ ಕೈಗೆ ಸಿಕ್ಕರೆ ಮಧ್ಯಾಹ್ನದ ಎಸಿ ಲೋಡ್ ಆಮೇಲೆ ನೋಡೋಣ, ಮೊದಲು ರಾತ್ರಿ ಎರಡು ಗಂಟೆಯದು ನೋಡಿ.

ಯಾಕೆ ಅಂದರೆ, ವಾರಕ್ಕೆ ಇರುವುದು 168 ಗಂಟೆ. ದಿನಕ್ಕೆ 10 ಗಂಟೆಯಂತೆ ಐದು ದಿನ ಕೆಲಸ ನಡೆದರೆ 50 ಗಂಟೆ ಆಯಿತು. ಉಳಿದ 118 ಗಂಟೆ ಕಟ್ಟಡ ಹೆಚ್ಚುಕಡಿಮೆ ಖಾಲಿ. ಜನ ಇರುವಾಗ 1000 ಕಿಲೋವಾಟ್, ಇಲ್ಲದಾಗ 400 ಕಿಲೋವಾಟ್ ಎಳೆಯುವ ಕಟ್ಟಡ ಅಂದುಕೊಳ್ಳಿ. ನೋಡಿದರೆ ಪರವಾಗಿಲ್ಲ, ರಾತ್ರಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿದೆ ಅನ್ನಿಸುತ್ತದೆ. ಒಂದು ಕಿಲೋವಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್. ಗುಣಿಸಿ ನೋಡಿ: ಜನ ಇರುವಾಗ ವಾರಕ್ಕೆ 50,000 ಯೂನಿಟ್, ಜನ ಇಲ್ಲದಾಗ 47,200 ಯೂನಿಟ್. ಹೆಚ್ಚುಕಡಿಮೆ ಅರ್ಧದಷ್ಟು ಕರೆಂಟ್ ಯಾರೂ ಇಲ್ಲದ ಹೊತ್ತಿನಲ್ಲೇ ಹೋಯಿತು ಅಲ್ವಾ?

ಎಲ್ಲವೂ ದಂಡ ಅಂತಲ್ಲ. ಸರ್ವರ್, ಕ್ಯಾಮೆರಾ, ತುರ್ತು ದೀಪ ಇವೆಲ್ಲ ರಾತ್ರಿಯೂ ಬೇಕು. ಆದರೆ ಹುಡುಕುತ್ತಾ ಹೋದರೆ ಸುಮ್ನೆ ತಿರುಗುತ್ತಿರುವ ಫ್ಯಾನು, ಪಂಪುಗಳೂ ಸಿಗುತ್ತವೆ. ಅವುಗಳ ಪ್ಯಾನೆಲ್ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ತಿರುಗುವ ಸ್ವಿಚ್ ಇರುತ್ತದೆ. ಹ್ಯಾಂಡ್, ಆಫ್, ಆಟೋ ಅಂತ ಮೂರು ಜಾಗ. ಆಟೋದಲ್ಲಿದ್ದರೆ ಕಂಪ್ಯೂಟರ್ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ನಿಲ್ಲುತ್ತದೆ. ಎಂದೋ ಒಂದು ದಿನ ಮೇಲಿನ ಮಹಡಿಯಿಂದ ಸೆಕೆ ಅಂತ ದೂರು ಬಂದಿರುತ್ತದೆ, ಅವತ್ತು ಡ್ಯೂಟಿಯಲ್ಲಿದ್ದವರು ಸ್ವಿಚ್ಚನ್ನು ಹ್ಯಾಂಡ್‌ಗೆ ತಿರುಗಿಸಿರುತ್ತಾರೆ, ಶಿಫ್ಟ್ ಬದಲಾಗಿರುತ್ತದೆ, ಮತ್ತೆ ಅದನ್ನು ಆಟೋಗೆ ತರುವುದು ಯಾರ ಕೆಲಸ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಂದ ಆ ಫ್ಯಾನ್ ಹಗಲೂ ರಾತ್ರಿ ಓಡುತ್ತದೆ. ಸರಿಮಾಡಲು ಒಂದು ಪೈಸೆ ಖರ್ಚಿಲ್ಲ!

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ತೊಂದರೆ. ಎಷ್ಟೋ ದೊಡ್ಡ ಕಟ್ಟಡಗಳಲ್ಲಿ ಗಾಳಿಯನ್ನು ಒಂದೇ ಕಡೆ ಸುಮಾರು 13 ಡಿಗ್ರಿಗೆ ತಣ್ಣಗೆ ಮಾಡಿ ಎಲ್ಲ ಕಡೆಗೂ ಕಳಿಸುತ್ತಾರೆ. ಯಾವ ಕೋಣೆಗೆ ಅಷ್ಟು ತಂಪು ಬೇಡವೋ ಅಲ್ಲಿ ಬಿಸಿನೀರಿನ ಸುರುಳಿಯ ಮೇಲೆ ಹಾಯಿಸಿ ಅದನ್ನೇ ಮತ್ತೆ ಬೆಚ್ಚಗೆ ಮಾಡುತ್ತಾರೆ. ಆ ಬಿಸಿನೀರಿನ ವಾಲ್ವ್ ಸವೆದು ಪೂರ್ತಿ ಮುಚ್ಚದೇ ಹೋದರೆ? ಬಿಸಿ ಒಳಗೆ ಸೋರುತ್ತಲೇ ಇರುತ್ತದೆ, ಅದನ್ನು ತಣಿಸಲು ತಂಪು ಗಾಳಿ ಇನ್ನಷ್ಟು ಬರುತ್ತದೆ. ಕೋಣೆಯ ಉಷ್ಣಾಂಶ ಮಾತ್ರ ಹೇಳಿದಷ್ಟೇ ಇರುತ್ತದೆ. ಒಳಗೆ ಕೂತವರಿಗೆ ಹಾಯಾಗಿರುತ್ತದೆ, ದೂರು ಬರುವುದಿಲ್ಲ, ದೂರು ಬರದಿದ್ದರೆ ಯಾರೂ ಹೋಗಿ ನೋಡುವುದೂ ಇಲ್ಲ. ಮುಚ್ಚಿರಬೇಕಾದ ವಾಲ್ವಿನ ಆಚೆ ಬದಿಯ ಪೈಪ್ ಎಷ್ಟು ಹೊತ್ತಾದರೂ ಬಿಸಿಯಾಗೇ ಇದ್ದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ.

ಇನ್ನು ಫ್ಯಾನ್ ವೇಗದ ವಿಷಯ. ಫ್ಯಾನ್ ಎಳೆಯುವ ವಿದ್ಯುತ್ತು ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಶೇ. 20ರಷ್ಟು ತಗ್ಗಿಸಿದರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ವೇಗವನ್ನೇ ಅರ್ಧ ಮಾಡಿದರೆ ಎಂಟನೇ ಒಂದು ಪಾಲು ಸಾಕು. ಹಳೆಯ ಕಟ್ಟಡಗಳಲ್ಲಿ ಮೋಟಾರನ್ನು ಪೂರ್ತಿ ವೇಗದಲ್ಲಿ ಬಿಟ್ಟು, ಗಾಳಿ ಜಾಸ್ತಿಯಾದರೆ ದಾರಿಯಲ್ಲಿ ತಗಡಿನ ಬಾಗಿಲು ಅಡ್ಡ ಹಾಕಿ ತಡೆಯುತ್ತಾರೆ. ಅದರ ಬದಲು ಮೋಟಾರಿನ ವೇಗವನ್ನೇ ತಗ್ಗಿಸುವ ಡ್ರೈವ್ ಕೂರಿಸುವುದು ನನ್ನ ಮಟ್ಟಿಗೆ ಅತ್ಯಂತ ಒಳ್ಳೆಯ ಖರ್ಚು. ಎಲ್‌ಇಡಿ ದೀಪದ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ, ಬಿಡಿ.

ಕಟ್ಟಡ ಕಟ್ಟಡಗಳನ್ನು ಹೋಲಿಸಲು ವರ್ಷದ ಯೂನಿಟ್ಟನ್ನು ಚದರ ಮೀಟರಿನಿಂದ ಭಾಗಿಸುವುದು ರೂಢಿ. ಅನುಕೂಲವೇನೋ ಹೌದು, ಆದರೆ ಆಸ್ಪತ್ರೆಯನ್ನು ಆಫೀಸಿನ ಪಕ್ಕ ನಿಲ್ಲಿಸಬಾರದು. ಅರ್ಧ ಖಾಲಿ ಬಿದ್ದ ಕಟ್ಟಡಕ್ಕೆ ಈ ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದುಬಿಡುತ್ತದೆ. ನ್ಯೂಯಾರ್ಕ್ ನಗರ ದೊಡ್ಡ ಕಟ್ಟಡಗಳ ಮಾಲೀಕರು ಪ್ರತಿ ವರ್ಷ ಬಳಕೆಯ ಲೆಕ್ಕ ಕೊಡಬೇಕು ಅಂತ 2009ರಲ್ಲೇ ಕಾನೂನು ಮಾಡಿತು. 2020ರಿಂದ ಆ ವರದಿಯ ಆಧಾರದ ಮೇಲೆ ಸಿಗುವ ಗ್ರೇಡನ್ನು ಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಇದು ಎಲ್ಲ ಊರಿಗೂ ಬರಬೇಕು ಅಂತ ನನ್ನ ಆಸೆ.

ಅದೇ ಊರಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು, 102 ಮಹಡಿ. 2009ರಲ್ಲಿ ಅದರ ರಿಪೇರಿ ಯೋಜನೆ ಶುರುವಾದಾಗ ಇಟ್ಟುಕೊಂಡ ಗುರಿ, ಬಳಕೆಯಲ್ಲಿ ಶೇ. 38ರಷ್ಟು ಇಳಿತ. ಸುಮಾರು 6,500 ಕಿಟಕಿಗಳ ಗಾಜುಗಳನ್ನು ಬಿಚ್ಚಿ, ಕಟ್ಟಡದೊಳಗೇ ಒಂದು ವರ್ಕ್‌ಶಾಪ್ ಮಾಡಿ, ಎರಡು ಗಾಜಿನ ನಡುವೆ ತೆಳು ಫಿಲ್ಮ್ ಕೂರಿಸಿ ಗ್ಯಾಸ್ ತುಂಬಿ ಮತ್ತೆ ಅಲ್ಲೇ ಹಾಕಿದರು. ನನಗೆ ಇಷ್ಟವಾಗುವುದು ಅವರು ಹಿಡಿದ ಕ್ರಮ. ಮೊದಲು ಬಿಸಿಲಿನ ಶಾಖ ಒಳಗೆ ಬರುವುದನ್ನು ಕಡಿಮೆ ಮಾಡಿದರು. ಹಾಗಾಗಿ ಚಿಲ್ಲರ್‌ಗಳ (ಎಸಿಗೆ ನೀರು ತಣಿಸುವ ದೊಡ್ಡ ಮೆಷಿನ್‌ಗಳ) ಮೇಲಿನ ಹೊರೆ ಇಳಿಯಿತು, ಹೊಸವು ಕೊಳ್ಳುವ ಬದಲು ಇದ್ದವನ್ನೇ ನವೀಕರಿಸಿದರೆ ಸಾಕಾಯಿತು. ಮೊದಲೇ ಹೋಗಿ ದೊಡ್ಡ ಮೆಷಿನ್ ತಂದಿದ್ದರೆ ಆ ದುಡ್ಡೆಲ್ಲ ಹೆಚ್ಚುವರಿ ಆಗುತ್ತಿತ್ತು.

ಇಷ್ಟೆಲ್ಲ ಮಾಡಿ ಎಷ್ಟು ಉಳಿಯಿತು ಅಂತ ಹೇಳುವುದೂ ಸುಲಭವಲ್ಲ. ಬಳಸಿದ ಯೂನಿಟ್ಟಿಗೆ ಮೀಟರ್ ಇದೆ, ಉಳಿಸಿದ ಯೂನಿಟ್ಟಿಗೆ ಇಲ್ಲ. ಈ ವರ್ಷ ಸೆಕೆ ಕಡಿಮೆ ಇದ್ದರೂ ಬಿಲ್ ಇಳಿಯುತ್ತದೆ, ಒಂದು ಮಹಡಿ ಖಾಲಿಯಾದರೂ ಇಳಿಯುತ್ತದೆ. ಆದ್ದರಿಂದ ಹೊರಗಿನ ಉಷ್ಣಾಂಶ ಎಷ್ಟಿದ್ದಾಗ ಹಳೆಯ ಕಟ್ಟಡ ಎಷ್ಟು ಎಳೆಯುತ್ತಿತ್ತು ಅಂತ ಮೊದಲು ಗೆರೆ ಎಳೆದುಕೊಳ್ಳಬೇಕು. ಏನೂ ಬದಲಾಯಿಸದೆ ಇದ್ದಿದ್ದರೆ ಈ ವರ್ಷದ ಹವಾಮಾನಕ್ಕೆ ಎಷ್ಟು ಬೇಕಾಗುತ್ತಿತ್ತು ಅಂತ ಆ ಗೆರೆಯಿಂದ ಲೆಕ್ಕ ಹಾಕಿ, ಅದರಿಂದ ನಿಜವಾದ ಬಳಕೆಯನ್ನು ಕಳೆಯಬೇಕು. ಇದಕ್ಕೆ ಎಲ್ಲ ಋತುಗಳೂ ಬರುವಂತೆ ಒಂದು ಪೂರ್ತಿ ವರ್ಷದ ಹಳೆಯ ಲೆಕ್ಕ ಇದ್ದರೆ ಒಳ್ಳೆಯದು. ಹೊಸ ಮೆಷಿನ್‌ಗೆ ಕೊಟೇಶನ್ ತರಿಸುವ ಮೊದಲೇ ಚಿಲ್ಲರ್‌ಗೆ, ಫ್ಯಾನುಗಳಿಗೆ, ದೀಪಗಳಿಗೆ ಬೇರೆ ಬೇರೆ ಮೀಟರ್ ಹಾಕಿಸಿಬಿಡಿ.